ಜೀರಹಳ್ಳಿಯ ಸಾಂಬ್ರಾಣಿ

ಜೀರಹಳ್ಳಿಯ ಟೀ ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮಡಿಲಲ್ಲಿದ್ದ ಮೊಮ್ಮಗಳು ಬೆಳಗಿನಿಂದ ಅಳು ನಿಲ್ಲಿಸಿರಲಿಲ್ಲ. ಅಂಗಡಿಯಾಕೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಕವುಚಿ, ಅದರ ಮೇಲೆ ಹಳೇ ಸೀರೆಯ ತುಂಡು ಹರವಿದಳು.

“ನಾವು ಮಗೂಗೇ ಹೊಗೆ ಹಾಕ್ತೀವಿ,” ಎಂದೆ.

“ಕೆಮ್ತದೆ ಕಣಕ್ಕಾ. ಬಟ್ಟೇಗ್ ಇಡೀಬೇಕು. ಅಜ್ಜಿಯಾಗಿದ್ದೀಯ, ಗೊತ್ತಿಲ್ವಾ?” ಎಂದು ನಕ್ಕಳು.

ಮಗುವನ್ನು ಆ ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಮಗು ಅವಳ ತೋಳಲ್ಲೇ ನಿದ್ದೆಹೋಯಿತು. ನನಗೆ ಹೊಟ್ಟೆಯುರಿ.

ಬಸ್ಸು ಬಂದಾಗ, “ಈ ಬಟ್ಟೆ, ಸಾಂಬ್ರಾಣಿ ಎರಡೂ ತಕೊಂಡೋಗಕ್ಕಾ,” ಎಂದಳು.

“ನಮ್ಮನೇಲಿ ಬೇಕಾದಷ್ಟಿದೆ,” ಎಂದು ಸುಳ್ಳು ಹೇಳಿ, ಮಗುವಿಗೆ ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿ ಕೊಟ್ಟುಬಿಟ್ಟೆ.

ಮೊದಲ ತಿರುವಿನಲ್ಲೇ ಮಗು ಎದ್ದು ಕಿರುಚತೊಡಗಿತು.

“ಯಾರ್ ಮಗು ಅಕ್ಕಾ ಇದು, ಇಂಗೆ ಅಳ್ತದೆ?” ಎಂದ ಕಂಡಕ್ಟರ್.

“ನಮ್ಮದೇ,” ಎಂದೆ, ಬೇಕಿದ್ದಕ್ಕಿಂತ ಜೋರಾಗಿ.