ಬ್ಯಾಟರಿಯ ವಯರು ಎಳೆದ ಕೈ

ಎಂಜಿನ್ ಓಡುತ್ತಿರುವಾಗಲೇ ನಾನು ಬ್ಯಾಟರಿಯ ವಯರು ಎಳೆದೆ. ಕಿಡಿ ಹಾರಿ ಬ್ಯಾಟರಿ ಸಿಡಿಯಿತು. ಮರುಕ್ಷಣ ಮುಖದ ಮೇಲೆ ನೀರು ಬಿತ್ತು.

"ಕಣ್ಣು ಬಿಡಿ, ಬಿಡಿ! ಕಾಣ್ತದಾ?" ಪುತ್ತೂರಿನ ಆಟೋ ಇಲೆಕ್ಟ್ರಿಷಿಯನ್ ವಸಂತಣ್ಣ ಬಕೆಟ್ ಹಿಡಿದು ಕೂಗುತ್ತಿದ್ದರು. ನಮ್ಮ ಹಳೆಯ ಅಂಬಾಸಿಡರ್‌ನ ಡೈನಮೋ ತೆಗೆದು, ಕಾಯಿಲ್ ಹೊಸದಾಗಿ ಸುತ್ತಿದ ಆಲ್ಟರ್ನೇಟರನ್ನು ಅವರು ಆಗಷ್ಟೇ ಕೂರಿಸಿದ್ದರು. ಅದು ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆಯೇ ಎಂದು ನೋಡಲು ನಾನು ವಯರು ತೆಗೆದಿದ್ದೆ; ತೆಗೆದರೂ ಎಂಜಿನ್ ನಿಲ್ಲದಿದ್ದರೆ ಚಾರ್ಜ್ ಆಗುತ್ತಿದೆ ಎಂದು ಲೆಕ್ಕ.

"ಕಾಣ್ತದೆ. ಅಪ್ಪ ಹೀಗೆಯೇ ನೋಡುದು" ಎಂದೆ.

"ಅಪ್ಪನಿಗೆ ಅದೃಷ್ಟ ಇತ್ತು ಮಾರಾಯ್ರೆ!"

ಆಗಲೇ ನಾನು ಅವರ ತೋಳು ನೋಡಿದ್ದು. ಆಸಿಡ್ ಬಿದ್ದು ಚರ್ಮ ಕೆಂಪಾಗಿತ್ತು. ಬಕೆಟ್ಟಿನ ತಳದಲ್ಲಿ ಉಳಿದಿದ್ದ ನೀರನ್ನಷ್ಟೇ ಅವರು ಅದಕ್ಕೆ ಸುರಿದುಕೊಂಡರು.

ಕಾರು ಈಗ ಚೆನ್ನಾಗಿ ಓಡುತ್ತದೆ. ಬಾನೆಟ್ ತೆರೆದಾಗಲೆಲ್ಲ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ.