ರೊಪ್ಪದ ಬೀಜ

ಅವರ ಖಾಕಿ ಕೋಟಿನ ಎಡಜೇಬು ಸದಾ ಉಬ್ಬಿರುತ್ತಿತ್ತು. ಅದು ಬಲಜೇಬೂ ಇದ್ದೀತು, ಅವರು ಕಾಯುತ್ತಿದ್ದ ಗುಡ್ಡದ ಮೇಲೆ ನಿಜವಾಗಿ ಏನೇನಾಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಜೇಬಿನಲ್ಲಿದ್ದುದು ಜಾಲಿಯ ಬೀಜ. ಆಡುಗಳು ಮೆಲುಕು ಹಾಕುತ್ತ ಉಗುಳಿದ್ದನ್ನು ಅವುಗಳನ್ನು ಕೂಡಿಹಾಕುವ ರೊಪ್ಪದಲ್ಲಿ ಹೆಕ್ಕಿ ತರುತ್ತಿದ್ದರು. ಹಾಗಾಗಿ ಅವರಿಗಿಂತ ಮೊದಲು ಆಡಿನ ವಾಸನೆ ಬರುತ್ತಿತ್ತು. ಮಾತಾಡುವಾಗಲೆಲ್ಲ ಒಂದು ಬೀಜವನ್ನು ಹೆಬ್ಬೆರಳಿನಲ್ಲಿ ತೀಡುತ್ತಿದ್ದರು.

ಮಧುಗಿರಿಯಿಂದ ಐ.ಡಿ.ಹಳ್ಳಿಯ ಕಡೆಗಿದ್ದ ಒಂದು ಬೋಳುಗುಡ್ಡಕ್ಕೆ ಅವರು ಅರಣ್ಯ ಇಲಾಖೆಯ ಗಾರ್ಡು. ನಾನು ವಿಶ್ವವಿದ್ಯಾನಿಲಯದಿಂದ ಆಗತಾನೇ ಬಂದ ಮೇಲಧಿಕಾರಿ. ತಂದೆಯ ವಯಸ್ಸಿನವರನ್ನು ‘ನೀನು’ ಎನ್ನುತ್ತಿದ್ದೆ. ‘ಅವರು’ ಎಂಬುದು ಈಗ ಬರೆಯುವಾಗ ಬಂದದ್ದು.

ಆಗ ಸಂಸ್ಥಾನದಲ್ಲಿ ಕಾಡನ್ನು ಮರಳಿ ಬೆಳೆಸುವುದೆಂದರೆ ಗುಡ್ಡಕ್ಕೆ ಬೇಲಿ ಹಾಕಿ ಆಡುಕುರಿಗಳನ್ನು ಹೊರಗಟ್ಟುವುದು, ಒಳಗೆ ಸಸಿಗಳನ್ನು ಸಾಲಾಗಿ ನೆಡುವುದು. ಹಗ್ಗ ಹಿಡಿಸಿ ಸಾಲು ಎಳೆಸಿದವನು ನಾನೇ. ಸಸಿಗಳು ಒಣಗಿದವು.

“ಸಾಲಾಗಿ ನಿಂತ್ಕಳಾಕೆ ಕಾಡೇನು ಇಸ್ಕೂಲ್ ಮಕ್ಳಾ ಸ್ವಾಮಿ?” ಎಂದು ಅವರು ನಗುತ್ತಿದ್ದರು.

ಒಂದು ಮಧ್ಯಾಹ್ನ ಬಿಸಿಲಿನ ಝಳಕ್ಕೆ ದೂರದ ಮಧುಗಿರಿಯ ಬಂಡೆ ನೆಲ ಬಿಟ್ಟು ತೇಲುತ್ತಿತ್ತು. ಬೇಲಿಯೊಳಗೆ ಆಡುಗಳಿದ್ದವು, ಅವೂ ತೇಲುತ್ತಿದ್ದವೆಂದು ನೆನಪು. ಗೊಲ್ಲರ ಅಜ್ಜಿಯೊಬ್ಬಳು ಮೇಯಿಸುತ್ತಿದ್ದಳು. ಪಕ್ಕದಲ್ಲಿ ಇವರು ಕುಳಿತಿದ್ದರು.

“ಯಾರು ಬಿಟ್ಟದ್ದು?” ಎಂದೆ.

“ನಾನೇ ಬುಟ್ಟಿದ್ದು ಸ್ವಾಮಿ. ಆಡಿನ ಹೊಟ್ಟೇಲಿ ನೆಂದ ಬೀಜ ಬೇಗ ಮೊಳೀತದೆ. ಹೋದ್ ವರ್ಸ ಆ ಮೂಲೇಲಿ ಚೆಲ್ಲಿದ್ದೆ, ನೋಡಿ. ಈ ವರ್ಸ ಅವೇ ಬಿತ್ಲಿ ಅಂತ ಬುಟ್ಟೆ.”

ಮೂಲೆಯಲ್ಲಿ ಎಳೆಯ ಜಾಲಿ, ಸಾಲಿಲ್ಲದೆ, ಹಸಿರು ಹೊಗೆಯಂತೆ ಹಬ್ಬಿತ್ತು.

“ನೀನು ಗಿಡಕ್ಕೆ ಕ್ವಾಟೆ ಕಟ್ಟಿ ಕಾಯ್ತೀಯ, ನನ್ನಾಡು ಉಗುದ್ಬುಟ್ಟು ಓಯ್ತದೆ. ಯಾವ್ದು ಉಟ್ಟೈತೆ ಕಣಪ್ಪ?” ಎಂದಳು ಅಜ್ಜಿ.

ಓದಿದವನಿಗೆ ಚುಚ್ಚಿತು. ವರದಿ ಬರೆಯುತ್ತೇನೆ ಎಂದೆ. ಬರೆದರೆ ಗಾರ್ಡಿನ ಕೆಲಸ ಹೋಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರ ಹೆಬ್ಬೆರಳು ನಿಂತಿತು.

“ಮನೇಲಿ ಐದ್ ಜನ ಅವ್ರೆ ಸ್ವಾಮಿ. ಬರೀಬ್ಯಾಡಿ ಅನ್ನಾಕಿಲ್ಲ. ಒಂದ್ ಮಳೆ ನೋಡ್ಕಂಡು ಬರೀರಿ.”

ಮರುದಿನ ಬರೆದೆ. ಆಮೇಲೆ ಹರಿದುಹಾಕಿದೆ ಎಂದೇ ನನ್ನ ನೆನಪು. ಚೂರುಗಳು ಗುಡ್ಡದ ಗಾಳಿಗೆ ಬೆಳ್ಳಕ್ಕಿಗಳಂತೆ ಹಾರಿದವು. ಹೆಂಡತಿಗೂ ಸ್ನೇಹಿತರಿಗೂ ಹಾಗೆಯೇ ಹೇಳಿದ್ದೇನೆ. ಅಷ್ಟರಲ್ಲಿ ನನಗೆ ಶಿರಾಕ್ಕೆ ವರ್ಗವಾಯಿತು. ಅವರು ತಾವಾಗಿ ಕೆಲಸ ಬಿಟ್ಟು ಪಾವಗಡದ ಕಡೆ ಮಗಳ ಮನೆ ಸೇರಿದರು, ಅಲ್ಲೇ ತೀರಿಕೊಂಡರು ಎಂದು ಯಾರೋ ಹೇಳಿದರು. ನಂಬಿದೆ.

ವರ್ಷಗಳ ಮೇಲೆ ಇಲಾಖೆಯ ಮಾತು ಬದಲಾಯಿತು. ಮುಚ್ಚಿದ ಗುಡ್ಡಗಳಲ್ಲಿ ಸರದಿಯ ಮೇಲೆ ಮೇಯಲು ಬಿಡಬಹುದು, ಬಿತ್ತನೆಗೆ ರೊಪ್ಪದ ಜಾಲಿಬೀಜವೇ ಮೇಲು ಎಂದು ಸುತ್ತೋಲೆ ಬಂತು. ಇದನ್ನು ಮೊದಲು ಕಂಡವರು ನಮ್ಮ ಗಾರ್ಡು ಎಂದು ಎಲ್ಲಾದರೂ ದಾಖಲಿಸಬೇಕೆನಿಸಿ, ಮಧುಗಿರಿಯ ಕಚೇರಿಗೆ ಹೋಗಿ ಅವರ ಕಡತ ತೆಗೆಸಿದೆ.

ವರದಿ ಅಲ್ಲಿತ್ತು. ಹರಿದಿರಲಿಲ್ಲ. ಅವರನ್ನು ಕೆಲಸದಿಂದ ತೆಗೆದ ಹುಕುಂ ಅದರ ಜೊತೆಗೇ ಹೊಲಿದಿದ್ದರು. ವರದಿಯ ಬರಹ ನನ್ನದು, ಸಹಿಯೂ ನನ್ನದೇ.