ಕುಂಕುಮದ ಅಂಚಿನ ಹೆಬ್ಬೆರಳು

ಕುಂಕುಮ ಬೆರಳಗುರುತಿನ ಮೇಲಿತ್ತು. ಅಥವಾ ಕುಂಕುಮವೇ ಕೆಳಗಿತ್ತು, ಬೆರಳಗುರುತು ಮೇಲಿತ್ತೇನೋ. ಇಷ್ಟು ವರ್ಷ ಒಂದು ರೀತಿ ನೆನಪಿಟ್ಟುಕೊಂಡದ್ದು, ಬರೆಯಲು ಕೂತರೆ ಮಗುಚಿಕೊಳ್ಳುತ್ತದೆ. ಅಲಮಾರಿ ಹಸಿರು ಬಣ್ಣದ್ದು ಎನ್ನುವುದೂ ಖಾತ್ರಿಯಿಲ್ಲ. ಆಗ ನಾನು ತೆಗೆದ ಫೋಟೋ ಕಪ್ಪು ಬಿಳುಪಿನದು. ಹಸಿರನ್ನು ಆಮೇಲೆ ನಾನೇ ಬಳಿದಿರಬಹುದು.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಪೊಲೀಸ್ ಇಲಾಖೆಯಲ್ಲಿ ಬೆರಳಗುರುತು ಎತ್ತುವ ಕೆಲಸದಲ್ಲಿದ್ದೆ. ಬಸವಕಲ್ಯಾಣದ ವ್ಯಾಪಾರಿಯೊಬ್ಬರ ಮನೆಯಲ್ಲಿ, ದೀಪಾವಳಿ ಮುಗಿದು ತಿಂಗಳಾದ ಮೇಲೆ, ಅಲಮಾರಿಯಲ್ಲಿದ್ದ ಬಂಗಾರ ಹೋಗಿತ್ತು. ಹಿಡಿಕೆಯ ಪಕ್ಕ, ಕುಂಕುಮದಲ್ಲಿ ಬರೆದ ಸ್ವಸ್ತಿಕದ ಅಂಚಿಗೆ, ಒಂದೇ ಒಂದು ಹೆಬ್ಬೆರಳ ಗುರುತು ಸಿಕ್ಕಿತು. ಪುಡಿ ಹಚ್ಚಿ, ಬ್ರಷ್ ಆಡಿಸಿ, ಫೋಟೋ ತೆಗೆದು, ಟೇಪಿಗೆ ಎತ್ತಿಕೊಂಡೆ.

“ಎಷ್ಟು ದಿನದ್ದದರಿ ಇದು?” ಎಂದರು ಇನ್‌ಸ್ಪೆಕ್ಟರ್.

“ಹೇಳಾಕ ಬರಂಗಿಲ್ರಿ ಸಾಹೇಬ್ರ.”

“ಬರಂಗಿಲ್ಲಂದ್ರ? ನಮ್ಮ ಮನ್ಯಾಕಿ ಬಾಳೆಹಣ್ಣು ಮುಟ್ಟಿ ಎಷ್ಟು ದಿನದ್ದಂತ ಹೇಳ್ತಾಳ. ನಿಮಗ ಸರಕಾರ ಪಗಾರ ಯಾಕ ಕೊಡ್ತದ?”

ಬೆವರು, ಜಿಡ್ಡು, ಧೂಳು, ಕೋಣೆಯ ಗಾಳಿ, ಎಲ್ಲದರ ಮೇಲೂ ನಿಂತ ವಿಷಯ ಅದು. ಒಂದು ಗುರುತು ವಾರಕ್ಕೇ ಮಾಸುತ್ತದೆ, ಇನ್ನೊಂದು ತಿಂಗಳುಗಟ್ಟಲೆ ಕೂತಿರುತ್ತದೆ. ವಿವರಿಸತೊಡಗಿದೆ. ಅವರು ಆಗಲೇ ಮನೆಯೊಡತಿಯ ಕಡೆ ತಿರುಗಿದ್ದರು.

“ಹಬ್ಬಕ್ಕ ಅಲಮಾರಿ ಒರೆಸೀರೇನವ್ವ?”

“ಒರೆಸದ ಬಿಡ್ತೀನೇನ್ರಿ? ಲಕ್ಷ್ಮೀ ಕೂಡೋ ಜಾಗ.”

ಅಲ್ಲಿಗೆ ಲೆಕ್ಕ ಮುಗಿಯಿತು. ಹುಮನಾಬಾದದ ಬೀಗ ರಿಪೇರಿಯವನು ಹಬ್ಬಕ್ಕೆ ಮೊದಲು ಬಂದು ಅಲಮಾರಿಯ ಬೀಗ ಸರಿಮಾಡಿ ಹೋಗಿದ್ದ. ಹಬ್ಬಕ್ಕೆ ಒರೆಸಿದ್ದಾರೆ. ಗುರುತು ಅವನದೇ ಆದರೆ ಅವನು ಮತ್ತೆ ಬಂದಿದ್ದಾನೆ. ಕೆಲವು ದಿನಗಳ ನಂತರ ಅವನ ಬೆರಳಿಗೆ ನಾನೇ ಮಸಿ ಹಚ್ಚಿ, ಅಚ್ಚು ತೆಗೆದು, ಹೋಲಿಸಿ ನೋಡಿದೆ. ಅವನದೇ.

ಆದರೆ ಅವತ್ತು ಸಾಮಾನು ಕಟ್ಟಿಕೊಳ್ಳುವಾಗ ಬ್ರಷ್ಷಿನ ಕೂದಲಲ್ಲಿ ಕೆಂಪು ಕಂಡಿತ್ತು. ಆ ತಾಯಿಯನ್ನು ಕೇಳಿದೆ, ಸ್ವಸ್ತಿಕವನ್ನೂ ಒರೆಸಿದಿರೇನು ಅಂತ.

“ಅಯ್ಯ, ಲಕ್ಷ್ಮೀ ಗುರುತು ಯಾರರೆ ಒರೆಸ್ತಾರೇನ್ರಿ? ಸುತ್ತಲೂ ಅರಿವಿ ಆಡಸ್ತೀವಿ. ಹಳೇದರ ಮ್ಯಾಲೇ ಹೊಸಾದು ಹಚ್ಚತೀವಿ.”

ಅಂದರೆ ಆ ಅಂಚಿಗೆ ಅರಿವೆ ತಾಗಿಯೇ ಇಲ್ಲ. ಹೊಸ ಕುಂಕುಮ ಗುರುತಿನ ಮೇಲೆ ಕೂತಿದ್ದರೆ, ಹೆಬ್ಬೆರಳು ಹಬ್ಬಕ್ಕೆ ಮೊದಲಿನದು, ಅವನು ಪಾರು. ಕೆಳಗಿದ್ದರೆ ಇಲ್ಲ. ಬೆರಳಿಗೆ ಇಲ್ಲದ ತಾರೀಖು ಕುಂಕುಮಕ್ಕಿತ್ತು. ಅದನ್ನು ಉದುರಿಸಿದವನು ನಾನು. ಫೋಟೋ ತೆಗೆದದ್ದು ಬ್ರಷ್ ಆಡಿಸಿದ ಮೇಲೆ.

ವರದಿಯಲ್ಲಿ ಗುರುತು ಅವನದು ಎಂದು ಬರೆದೆ, ವಯಸ್ಸು ಹೇಳಲಾಗದು ಎಂದೂ ಬರೆದೆ. ಕುಂಕುಮದ ಮಾತು ಬರೆಯಲಿಲ್ಲ. ಬರೆದಿದ್ದರೆ ಉಳಿದದ್ದನ್ನೂ ಬರೆಯಬೇಕಾಗುತ್ತಿತ್ತು.

ಅವನು ಕೆಲವು ತಿಂಗಳು ಒಳಗಿದ್ದ. ಕೇಸು ವರ್ಷಗಟ್ಟಲೆ ಎಳೆದು, ಸಾಕ್ಷಿ ಸಾಲದೆ ಬಿದ್ದುಹೋಯಿತು. ಬಂಗಾರ ಸಿಗಲಿಲ್ಲ. ಅವನನ್ನು ಯಾರೂ ಮನೆಯೊಳಗೆ ಕರೆಯುವುದಿಲ್ಲ, ಬೀಗ ಬಿಚ್ಚಿ ಅವನ ಡಬ್ಬಿ ಅಂಗಡಿಗೇ ತರುತ್ತಾರೆ ಎಂದು ಆಮೇಲೆ ಕೇಳಿದೆ.

ಎರಡು ಸಾವಿರದ ನಂತರ ಒಮ್ಮೆ ಹುಮನಾಬಾದದಲ್ಲಿ, ಮಾಣಿಕನಗರದ ಕಡೆ ಹೋಗುವ ಆಟೋಗಳು ನಿಲ್ಲುವಲ್ಲಿ, ಆ ಅಂಗಡಿ ಕಂಡಿತು. ಸ್ಕೂಟರಿನ ಕೀಲಿಗೆ ಇನ್ನೊಂದು ಜೋಡಿ ಬೇಕೆಂದೆ. ಬೇಕಿರಲಿಲ್ಲ. ಅವನು ಕೀಲಿ ಅರೆದು, ಅಂಗಿಯ ಚುಂಗಿನಿಂದ ನಿಧಾನವಾಗಿ ಒರೆಸಿದ. ಆಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕೊಟ್ಟ.

“ಇವತ್ತಿನ ತಾರೀಖು ಬರ್ಕೋರಿ ಸಾಹೇಬ್ರ. ನಾಳಿ ಗಾಡಿ ಕಳುವಾದ್ರ ಗೊತ್ತಾಗಬೇಕಲ್ಲ, ಯಾವತ್ತಿಂದು ಅಂತ.”

ಪಕ್ಕದ ಆಟೋದವನು ನಕ್ಕ. ನಾನೂ ನಕ್ಕೆ ಅನಿಸುತ್ತದೆ. ಕುಂಕುಮದ ವಿಷಯ ಬಾಯಿತನಕ ಬಂತು, ಹೇಳಲಿಲ್ಲ. ಹೇಳಿದ್ದೆ ಎಂದು ಒಮ್ಮೊಮ್ಮೆ ನೆನಪಾಗುವುದೂ ಉಂಟು, ಅದನ್ನು ನಂಬುವುದಿಲ್ಲ.

ಅವನು ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಬ್ರಷ್ ಮುಟ್ಟಿಸುವ ಮೊದಲು ಯಾವುದು ಮೇಲಿತ್ತು ಎಂದು ನಾನು ನೋಡಿದ್ದೆನೇ ಎಂಬುದೂ ಗೊತ್ತಿಲ್ಲ.